ಮಾದರಿಗೆಂದು ಮಂತ್ರಿಸಿದ ಭತ್ತ

ಪಣಸಗಾಳಿಯ ಗದ್ದೆಗಳಲ್ಲಿ ಭತ್ತ ಹಣ್ಣಾಗಿ, ಬಾಗಿ, ತನ್ನ ಕಾಳನ್ನು ತಾನೇ ನೆಲಕ್ಕೆ ಉದುರಿಸತೊಡಗಿದ್ದರೂ ಊರಿನ ಕ್ರೈಸ್ತರ ಮನೆಗಳಲ್ಲಿ ಕುಡುಗೋಲುಗಳು ಇನ್ನೂ ಗೋಡೆಯ ಸಂದಿ ಬಿಟ್ಟು ಕದಲಿರಲಿಲ್ಲ. ಬಾಜೂ ಹೊಲದ ಬೀರಣ್ಣ ತನ್ನ ಭತ್ತ ಕೊಯ್ದು, ಬಡಿದು, ಹುಲ್ಲಿನ ಬಣವಿ ಒಟ್ಟಿ ಮುಗಿಸಿದ್ದ. ಈಗ ಬದುವಿನ ಮೇಲೆ ಕೂತು ಎಲೆ ಅಡಿಕೆ ಮೆಲ್ಲುತ್ತ ಇನಾಸನ ಗದ್ದೆಯ ಕಡೆ ನೋಡುವುದನ್ನೇ ಒಂದು ಕೆಲಸ ಮಾಡಿಕೊಂಡಿದ್ದ.

ಇನಾಸ ಬಾರ್ದೇಸ್ಕರ ಆ ಊರಿನ ಕಪೇಲದ ಮೇಸ್ತ್ರಿ. ಕಪೇಲವೆಂದರೆ ಹಂಚು ಹೊದಿಸಿದ ಸಣ್ಣ ಪ್ರಾರ್ಥನೆಯ ಮನೆ. ಖಾನಾಪುರದ ಇಗರ್ಜಿಯ ಪಾದ್ರಿ ತಿಂಗಳಲ್ಲಿ ಯಾವಾಗಲೋ ಒಮ್ಮೆ ಮೋಟರ್ ಸೈಕಲ್ ಮೇಲೆ ಬಂದು ಪೂಜೆ ಅರ್ಪಿಸಿ ಹೋಗುತ್ತಿದ್ದರು. ಮಿಕ್ಕ ದಿನಗಳಲ್ಲಿ ಗಂಟೆ ಹೊಡೆಯುವುದು, ಜಪಸರ ಹೇಳಿಸುವುದು, ಹಾಡು ಎತ್ತಿಕೊಡುವುದು, ಹೆಣದ ಮುಂದೆ ಶಿಲುಬೆ ಹಿಡಿಯುವುದು ಎಲ್ಲವೂ ಮೇಸ್ತ್ರಿಯ ಪಾಲಿನದು. ಆತ ಮನೆಯೊಳಗೆ ಕೊಂಕಣಿ ಆಡುತ್ತಿದ್ದ, ಸಂತೆಯಲ್ಲಿ ಮರಾಠಿ, ಬೀರಣ್ಣನ ಜೊತೆ ಕನ್ನಡ. ದೇವರ ಜೊತೆ ಮಾತ್ರ ಆಯಾ ಕಾಲಕ್ಕೆ ಯಾವ ಪಾದ್ರಿ ಇದ್ದರೋ ಅವರ ಭಾಷೆ.

ಆ ಊರಲ್ಲಿ ಅಜ್ಜಂದಿರ ಕಾಲದಿಂದ ಒಂದು ಕಟ್ಟಳೆ ಇತ್ತು. ತೆನೆ ಹಬ್ಬದ ದಿನ ಮೇಸ್ತ್ರಿ ಪ್ರತಿ ಮನೆಯ ಗದ್ದೆಯಿಂದ ಒಂದೊಂದು ಹಿಡಿ ತೆನೆ ಕೊಯ್ದು ತರಬೇಕು, ಪಾದ್ರಿ ಪ್ರಾರ್ಥನೆ ಹೇಳಿ ನೀರು ಚಿಮುಕಿಸಿ ಅವನ್ನು ಮಂತ್ರಿಸಬೇಕು, ಮನೆಗೊಂದರಂತೆ ಆ ತೆನೆಗಳು ಹೋಗಿ ದೇವರ ಪಟದ ಮೇಲೆ ತೂಗಬೇಕು. ಅದಾದ ಮೇಲೆಯೇ ಊರು ಗದ್ದೆಗೆ ಇಳಿಯುವುದು. ಮಂತ್ರಿಸದ ಭತ್ತಕ್ಕೆ ಕುಡುಗೋಲು ಹಾಕಿದವರಿಗೂ, ಅದರ ಅನ್ನ ಉಂಡವರಿಗೂ ದಂಡ. ದಂಡವೆಂದರೆ ತಪ್ಪು ಮಾಡಿದವರು ತಮ್ಮಷ್ಟೇ ಎತ್ತರದ ಮೇಣಬತ್ತಿ ಮಾಡಿಸಿ ಕಪೇಲದಲ್ಲಿ ಹಚ್ಚಬೇಕು.

ಹೋದ ವರ್ಷ ಈ ದಂಡ ಬಿದ್ದದ್ದು ರುಜಾಯಳಿಗೆ. ಆಕೆ ಇನಾಸನ ತೀರಿಹೋದ ದೊಡ್ಡಪ್ಪನ ಮಗನ ಹೆಂಡತಿ, ವರಸೆಯಲ್ಲಿ ವೈನಿ, ಅಂದರೆ ಅತ್ತಿಗೆ. ಮಗಳ ಬಾಣಂತನಕ್ಕೆ ಮನೆಯಲ್ಲಿ ಅಕ್ಕಿ ಇಲ್ಲವೆಂದು ಹಬ್ಬಕ್ಕೆ ಮೊದಲೇ ಎರಡು ಹೊರೆ ಕೊಯ್ದಿದ್ದಳು. ಇನಾಸ ಬಿಡಲಿಲ್ಲ. ಜಪಸರ ಮುಗಿದ ಮೇಲೆ ಎಲ್ಲರೆದುರು ಆಕೆಯನ್ನು ನಿಲ್ಲಿಸಿ, ಇವತ್ತು ಬಾಣಂತಿಗೆಂದು ಬಿಟ್ಟರೆ ನಾಳೆ ಬಸುರಿಗೆಂದು ಕೊಯ್ಯುತ್ತಾರೆ, ಕಟ್ಟಳೆ ಎಂಬುದು ಎಲ್ಲಿ ಉಳಿಯಿತು ಎಂದು ಉದ್ದಕ್ಕೆ ಮಾತಾಡಿದ್ದ. ರುಜಾಯ ಗಿಡ್ಡ ಹೆಂಗಸು. ಮೇಣಬತ್ತಿ ಹಚ್ಚುವಾಗ, ನನ್ನನ್ನು ಗಿಡ್ಡ ಮಾಡಿದ ದೇವರಿಗೆ ಇವತ್ತು ಉಪಕಾರ ನೆನೆಯುತ್ತೇನೆ, ಎತ್ತರದವರ ಸರದಿ ಬಂದಾಗ ನೋಡೋಣ ಎಂದಿದ್ದಳು. ಇನಾಸ ಊರಿಗೆಲ್ಲ ಎತ್ತರದ ಗಂಡಸು.

ಈ ವರ್ಷ ಎರಡು ಸಾವಿರದ ಇಸವಿ, ಮಹಾಜುಬಿಲಿ. ದೇವರ ಮಗ ಹುಟ್ಟಿ ಇಷ್ಟು ವರ್ಷವಾಯಿತೆಂದು ಎಲ್ಲೆಲ್ಲೂ ಮೆರವಣಿಗೆ, ಸಮಾವೇಶ. ಹಾಗಾಗಿ ಪಣಸಗಾಳಿಯ ತೆನೆ ಹಬ್ಬ ಸೆಪ್ಟೆಂಬರದಲ್ಲಿ ಒಮ್ಮೆ ಮುಂದಕ್ಕೆ ಹೋಯಿತು. ಮತ್ತೊಮ್ಮೆ ಮುಂದಕ್ಕೆ ಹೋಯಿತು, ಏಕೆಂದರೆ ಖಾನಾಪುರದ ಪಾದ್ರಿ ಫಾದರ್ ಲೀನಸರು ಬೆಳಗಾವಿಯ ಸಮ್ಮೇಳನದ ತಯಾರಿ ಸಭೆಗೆ ಹೋಗಬೇಕಾಗಿತ್ತು. ಮೂರನೆಯ ಸಲ ಅವರು ಖಾನಾಪುರದಲ್ಲೇ ಇದ್ದರು, ಆದರೆ ಸಮ್ಮೇಳನದಲ್ಲಿ ಓದುವ ಪ್ರಬಂಧ ಬರೆಯುತ್ತಿದ್ದರು. ವಿಷಯ, 'ಗ್ರಾಮೀಣ ಭಕ್ತರ ನಡುವೆ ಯಾಜಕರ ಸಾನ್ನಿಧ್ಯ'. ಸಾನ್ನಿಧ್ಯದ ಬಗ್ಗೆ ಬರೆಯಲು ಒಂದಿಷ್ಟು ಏಕಾಂತ ಬೇಕಾಗುತ್ತದೆ ಎಂದು ಅವರು ಇನಾಸನಿಗೆ ಸಮಾಧಾನವಾಗಿಯೇ ತಿಳಿಸಿ ಹೇಳಿದ್ದರು.

"ಇನಾಸಾ, ಹಕ್ಕಿ ನಿನ್ನ ಭತ್ತ ಕೊಯ್ಯಾಕ ಸುರು ಮಾಡ್ಯಾವು," ಎಂದ ಬೀರಣ್ಣ, ಮಂಗಳವಾರ ಸಂಜೆ. "ಅವಕ್ಕೇನ ಪಾದ್ರಿ ಬೇಕಾಗಿಲ್ಲ ನೋಡು."

ಇನಾಸ ಒಂದು ತೆನೆ ಹಿಡಿದು ನೋಡಿದ. ಮುಟ್ಟಿದ್ದಕ್ಕೇ ನಾಲ್ಕು ಕಾಳು ಉದುರಿದವು. ಮೂಡಣದಲ್ಲಿ ಚಿತ್ತಿ ಮಳೆಯ ಮೋಡ ಎಮ್ಮೆಯ ಹಾಗೆ ಮಲಗಿತ್ತು.

"ನಮ್ಮ ಬೀರದೇವರಿಗೆ ಒಂದ ಮುಷ್ಟಿ ಭಂಡಾರ ಹಾರಿಸಿದ್ರ ಆತು. ನಿಮ್ಮ ದೇವರಿಗೆ ಪಾದ್ರಿ ಬೇಕು, ಪಾದ್ರಿಗೆ ಗಾಡಿ ಬೇಕು, ಗಾಡಿಗೆ ಪುರಸೊತ್ತು ಬೇಕು."

ಇನಾಸ, ಅವರು ನಾಲ್ಕು ದಿನ ಬೆಳಗಾವಿಯಲ್ಲಿದ್ದಾರೆ, ರವಿವಾರ ಬರುತ್ತಾರಂತೆ ಎಂದ.

"ಬರಲಿ. ರವಿವಾರ ಬಂದು ಹುಲ್ಲು ಮಂತ್ರಿಸಲಿ. ಅಲ್ಲೋ, ಪಾದ್ರಿ ಬರದಿದ್ರ ಭತ್ತಾನ ಪಾದ್ರಿ ಕಡೆ ಒಯ್ಯಬೇಕಪ. ಕುರಿಗೆ ಜಡ್ಡಾದ್ರ ಡಾಕ್ಟರ ಬರೂತನಾ ನಾವೇನ ಕುಂದರ್ತೀವೇನು? ಹೆಗಲ ಮ್ಯಾಲ ಹಾಕ್ಕೊಂಡು ಹೋಗ್ತೀವಿ."

ಬೀರಣ್ಣ ಇದನ್ನು ಚಾಷ್ಟಿಗೆಂದು ಹೇಳಿದ್ದ. ಇನಾಸ ಮಾತ್ರ ರಾತ್ರಿ ಊಟದ ತನಕ ಅದನ್ನೇ ಯೋಚಿಸಿದ. ಪಾದ್ರಿ ಗದ್ದೆಯಲ್ಲೇ ನಿಂತು ಮಂತ್ರಿಸಬೇಕೆಂದು ಕಟ್ಟಳೆಯಲ್ಲಿ ಇರಲಿಲ್ಲ; ತೆನೆಯನ್ನು ಮಂತ್ರಿಸಬೇಕೆಂದಷ್ಟೇ ಇತ್ತು. ಬುಧವಾರ ನಸುಕಿನಲ್ಲಿ ಬರಿದಲೆಯಲ್ಲಿ ಗದ್ದೆಗಿಳಿದು ಮನೆಗೊಂದು ಹಿಡಿಯಂತೆ ತೆನೆ ಕೊಯ್ದ. ಹೆಂಡತಿ ಪಾವ್ಲಿನ ಕಪಾಟಿನಲ್ಲಿ ಎತ್ತಿಟ್ಟಿದ್ದ ಬಿಳಿ ಧೋತರ ಕೊಟ್ಟಳು. ಅದರಲ್ಲಿ ತೆನೆ ಸುತ್ತಿ, ಕೂಸನ್ನು ಎತ್ತಿಕೊಂಡ ಹಾಗೆ ಎದೆಗೆ ಹಿಡಿದು ಖಾನಾಪುರಕ್ಕೆ ನಡೆದ. ಅಲ್ಲಿಂದ ಬೆಳಗಾವಿಯ ಬಸ್ಸು.

ಸಮ್ಮೇಳನ ನಡೆದದ್ದು ಶಿವಬಸವ ನಗರ ದಾಟಿ ಹೋದರೆ ಸಿಗುವ ಒಂದು ಆಶ್ರಮದಲ್ಲಿ. ಆಶ್ರಮ ಎಂದು ಹೆಸರು. ಒಳಗೆ ಟೈಲ್ಸ್ ನೆಲ, ಪಂಖಾಗಳು, ಹಿಂದುಗಡೆ ಕೋಳಿ ಹುರಿಯುವ ವಾಸನೆ. ಗೇಟಿನ ಮೇಲೆ ದೊಡ್ಡ ಬ್ಯಾನರು: 'ದೈವಾರಾಧನೆ ಮತ್ತು ಸೇವೆ: ಶ್ರೀಸಾಮಾನ್ಯರ ಸಕ್ರಿಯ ಪಾಲುಗಾರಿಕೆ'. ಎರಡೂ ಬದಿಗೆ ಬಂಗಾರ ಬಣ್ಣದ ತೆನೆ ಬರೆದಿದ್ದರು. ಇನಾಸ ನಿಂತು ನೋಡಿದ. ಗೋಧಿ. ಭತ್ತ ಕಾಣದ ಬೈಲಹೊಂಗಲದ ಕಡೆಯವರು ಯಾರೋ ಬರೆದಿರಬೇಕು ಅಂದುಕೊಂಡ.

ಬಾಗಿಲಲ್ಲಿ ಟೇಬಲು ಹಾಕಿಕೊಂಡು ಕೂತಿದ್ದ ಸಿಸ್ಟರ್ ಕ್ಲಾರಿಸ್ ಆತ ಬಾಯಿ ಬಿಡುವ ಮೊದಲೇ ಅಂಗಿಗೆ ಒಂದು ಬಿಲ್ಲೆ ಚುಚ್ಚಿದರು. ಅದರ ಮೇಲೆ 'ಶ್ರೀಸಾಮಾನ್ಯ' ಎಂದು ಬರೆದಿತ್ತು. ಕ್ರೈಸ್ತ ಸಭೆಯಲ್ಲಿ ಪಾದ್ರಿಯೂ ಅಲ್ಲದ, ಕನ್ಯಾಸ್ತ್ರೀಯೂ ಅಲ್ಲದ ಎಲ್ಲರಿಗೂ ಅದೇ ಹೆಸರು. ಶ್ರೀಸಾಮಾನ್ಯರ ಸಲುವಾಗಿ ಸೇರಿದ ಆ ಸಮ್ಮೇಳನದಲ್ಲಿ ಪಾದ್ರಿಗಳು ಬೇಕಾದಷ್ಟು ಜನ ಇದ್ದರು, ಕನ್ಯಾಸ್ತ್ರೀಯರು ಮೂರು ಸಾಲು ತುಂಬ ಇದ್ದರು. ಶ್ರೀಸಾಮಾನ್ಯರ ಬಿಲ್ಲೆಗಳು ಮಾತ್ರ ಡಬ್ಬಿಯ ತುಂಬ ಹಾಗೇ ಉಳಿದಿದ್ದವು. ಇನಾಸನನ್ನು ಕಂಡು ಸಿಸ್ಟರಿಗೆ ಆದ ಸಂತೋಷ ಕೃತ್ರಿಮದ್ದೇನೂ ಆಗಿರಲಿಲ್ಲ.

ಫಾದರ್ ಲೀನಸರು ವರಾಂಡದಲ್ಲಿ ಸಿಕ್ಕರು. ಮಂಗಳೂರಿನ ಕಡೆಯ ಹುಡುಗು ಪಾದ್ರಿ. ಒಳ್ಳೆಯವರೇ, ಆದರೆ ಮಾತಾಡುವಾಗ ಹಿಂದೆ ಯಾರು ನಿಂತಿದ್ದಾರೆಂದು ನೋಡಿಕೊಳ್ಳುವ ಅಭ್ಯಾಸ. ಇನಾಸ ಧೋತರ ಬಿಚ್ಚಿ ತೆನೆ ತೋರಿಸಿದ.

"ಫಾದರ್, ಒಂದ ಹನಿ ನೀರು, ಒಂದ ಶಿಲುಬಿ ಗುರ್ತು. ನಾ ಹೊಂಟ ಬಿಡ್ತೀನ್ರಿ. ಹನ್ನೊಂದರ ಬಸ್ಸು ಸಿಗತೈತಿ."

"ಇಲ್ಲಿ ಆಗುದಿಲ್ಲ ಮಾರಾಯ," ಎಂದರು ಲೀನಸರು ದನಿ ತಗ್ಗಿಸಿ. "ನಿನ್ನೆಯಷ್ಟೇ ಡಾಕ್ಟರ್ ಆಂಬ್ರೋಸ್ ಹೇಳಿದ್ದಾರೆ. ವರಾಂಡದಲ್ಲಿ, ಗೇಟಿನಲ್ಲಿ, ಸ್ಕೂಟರಿನ ಮೇಲೆ ಕೂತು ಮಂತ್ರಿಸುವುದನ್ನು ಮೊದಲು ನಿಲ್ಲಿಸಬೇಕು ಅಂತ. ಸುತ್ತ ಸಮುದಾಯ ಇರಬೇಕು."

"ಸಮುದಾಯ ಅಲ್ಲಿ ಗದ್ದಿಗೆ ಹಂದಿ ಬರದಂಗ ಕಾಯಾಕತ್ತೈತ್ರಿ."

"ರವಿವಾರ ಬರ್ತೇನೆ ಅಂದೆನಲ್ಲ. ಶುಕ್ರವಾರ ನನ್ನ ಪ್ರಬಂಧ ಉಂಟು. ಅವರು ಇದನ್ನು ಕಂಡರೆ ಎಲ್ಲರೆದುರಿಗೆ ನನ್ನನ್ನೇ ಉದಾಹರಣೆ ಕೊಡ್ತಾರೆ."

ಡಾಕ್ಟರ್ ಆಂಬ್ರೋಸ್ ರೋಮಿನಲ್ಲಿ ಕಲಿತು ಬಂದ ಪಾದ್ರಿ. ಸಮ್ಮೇಳನದ ಮುಖ್ಯ ಭಾಷಣಕಾರರು. ಹೆಸರಿಗೆ ಅವರೂ ಫಾದರ್ ಆಗಿದ್ದರೂ ಡಾಕ್ಟರ್ ಎಂದು ಕರೆಯದಿದ್ದರೆ ಓಗೊಡುವುದಕ್ಕೆ ತುಸು ತಡವಾಗುತ್ತಿತ್ತು. ಲೀನಸರಿಗೆ ಅವರನ್ನು ಕಂಡರೆ ಇರುವ ಅಂಜಿಕೆ ನೋಡಿ ಇನಾಸನಿಗೆ ಸಾಲಿಯ ಮಾಸ್ತರರ ನೆನಪಾಯಿತು. ಆತ ಇನ್ನೇನು ಕೈ ಮುಗಿದು ಬೇಡಿಕೊಳ್ಳಬೇಕು, ಅಷ್ಟರಲ್ಲಿ ಸಿಸ್ಟರ್ ಕ್ಲಾರಿಸ್ ಅಲ್ಲಿಗೆ ಬಂದು ತೆನೆಗಳನ್ನು ನೋಡಿದರು. ಮಧ್ಯಾಹ್ನ ಸುಗ್ಗಿಯ ಆರಾಧನೆಯ ಮಾದರಿ ಪ್ರದರ್ಶನ ಇದೆ, ತೆನೆಗೆ ಏನು ಮಾಡುವುದೆಂದು ತಿಳಿಯದೆ ಕೊನೆಗೆ ಪ್ಲಾಸ್ಟಿಕ್ಕಿನವು ತರಿಸಿದ್ದೇವೆ, ದೇವರೇ ನಿಮ್ಮನ್ನು ಕಳಿಸಿದ ಎಂದು ಹೇಳಿ, ಹೂಂ ಅನ್ನುವುದರೊಳಗೆ ಗಂಟನ್ನು ಎತ್ತಿಕೊಂಡು ಹೋಗಿ ವೇದಿಕೆಯ ಮೇಲೆ ಇಟ್ಟುಬಿಟ್ಟರು.

ಹನ್ನೊಂದರ ಬಸ್ಸು ತಪ್ಪಿತು. ಇನಾಸ ಸಭಾಭವನದ ಹಿಂದುಗಡೆ, ಮೈಕಿನವನ ಬಾಜೂ ಕುರ್ಚಿಯಲ್ಲಿ, ಕಣ್ಣನ್ನು ಗಂಟಿನ ಮೇಲೆ ಇಟ್ಟು ಕೂತ. ಮೈಕಿನವನು ಶಿವಬಸವ ನಗರದ ಮೈಲಾರಲಿಂಗ. ಮದುವೆ, ಜಾತ್ರೆ, ಪುರಾಣ, ಪಕ್ಷದ ಸಭೆ ಎಲ್ಲಕ್ಕೂ ಪೆಟ್ಟಿಗೆ ಹೊತ್ತವನು.

"ಕುಂದರ್ರಿ ಯಜಮಾನರ, ಅವಸರ ಮಾಡಬ್ಯಾಡ್ರಿ," ಎಂದ ಆತ. "ಇಲ್ಲಿ 'ಕೊನೆಯದಾಗಿ' ಅಂದಮ್ಯಾಲ ಇನ್ನೊಂದ ತಾಸ ಹಿಡೀತೈತಿ. ನಾ ನಿನ್ನೆಯಿಂದ ನೋಡಾಕತ್ತೀನಿ."

ಭಾಷಣಕಾರರು ಒಬ್ಬರಾದ ಮೇಲೊಬ್ಬರು ಬಂದರು. ಒಬ್ಬೊಬ್ಬರನ್ನೂ ಪರಿಚಯ ಮಾಡಿಕೊಡಲು ಒಬ್ಬರು, ಪರಿಚಯ ಮಾಡಿಕೊಟ್ಟವರಿಗೆ ಉಪಕಾರ ನೆನೆಯಲು ಮತ್ತೊಬ್ಬರು. ಬಂದವರಿಗೆಲ್ಲ ವಡಗಾವಿಯ ಮಗ್ಗದಲ್ಲಿ ನೇಯಿಸಿದ ಕೇಸರಿ ಶಾಲು. ಮುಪ್ಪಿನ ಪಾದ್ರಿಯೊಬ್ಬರು ಧೂಪದ ಇತಿಹಾಸ ಹೇಳುತ್ತ ಮೂರನೆಯ ಶತಮಾನದವರೆಗೆ ಬಂದು, ಸಮಯ ಮುಗಿಯಿತೆಂದು ಚೀಟಿ ಕೊಟ್ಟಾಗ ಅದನ್ನು ಕಿಸೆಯಲ್ಲಿಟ್ಟುಕೊಂಡು ನಾಲ್ಕನೆಯ ಶತಮಾನ ಸುರು ಮಾಡಿದರು. ಇನ್ನೊಬ್ಬರು, ಜನರ ಭಾಷೆಯಲ್ಲಿ ಆರಾಧನೆ ನಡೆಯಬೇಕೆಂದು ಒಂದು ತಾಸು ಇಂಗ್ಲಿಷಿನಲ್ಲಿ ಹೇಳಿದರು. ಆಮೇಲೆ ಚರ್ಚೆ. ಸುಗ್ಗಿಯ ಮೆರವಣಿಗೆಯಲ್ಲಿ ದೀಪ ಮುಂದಿರಬೇಕೋ, ತೆನೆ ಮುಂದಿರಬೇಕೋ ಎಂಬ ಮಾತು ಬಂತು. ದೀಪದವರು ಒಂದು ಕಡೆ, ತೆನೆಯವರು ಒಂದು ಕಡೆಯಾದರು. ಎರಡನ್ನೂ ಒಬ್ಬನೇ ಎರಡು ಕೈಯಲ್ಲಿ ಹಿಡಿದರೆ ಹೇಗೆ ಎಂದು ಕನ್ಯಾಸ್ತ್ರೀಯೊಬ್ಬರು ಕೇಳಿದರು. ಅವರ ಮಾತನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಕಿಟಕಿಯಾಚೆ ಬಿಸಿಲು ಮಂಕಾಗುತ್ತಿತ್ತು. ಮೋಡ ಖಾನಾಪುರದ ಕಡೆಗೇ ಹೊರಟಿದೆ ಎಂದು ಇನಾಸನಿಗೆ ಕೂತಲ್ಲೇ ಅನ್ನಿಸುತ್ತಿತ್ತು.

ಊಟದ ಮೇಲೆ ಡಾಕ್ಟರ್ ಆಂಬ್ರೋಸ್ ವೇದಿಕೆಗೆ ಬಂದರು. ಕೇಸರಿ ಶಾಲು ಹೊದ್ದು, ಬರಿಗಾಲಲ್ಲಿ, ಗಂಭೀರವಾಗಿ. ಈಗ ನಡೆಯುವುದು ಮಾದರಿ. ಎಲ್ಲರೂ ಗಮನಿಸಬೇಕು, ಬರೆದುಕೊಳ್ಳಬೇಕು ಎಂದು ಸೂಚನೆ ಕೊಟ್ಟರು. ದೀಪ ಬೆಳಗಿದರು. ಧೂಪ ಹಾಕಿದರು. ಆಮೇಲೆ ಎರಡೂ ಕೈಗಳನ್ನು ತೆನೆಗಳ ಮೇಲೆ ಚಾಚಿ, ಮೈಲಾರಲಿಂಗನ ಮೈಕು ಗಡಗಡ ಅನ್ನುವಂಥ ದನಿಯಲ್ಲಿ ಪ್ರಾರ್ಥನೆ ಹೇಳಿದರು.

"ಭೂಮಿಗೆ ಮಳೆಯನ್ನೂ ಬಿತ್ತಿದವನಿಗೆ ತಾಳ್ಮೆಯನ್ನೂ ಕೊಡುವ ತಂದೆಯೇ, ಈ ತೆನೆಗಳನ್ನೂ, ಇವು ಬೆಳೆದ ಗದ್ದೆಗಳನ್ನೂ, ಬೆಳೆದವರ ಕೈಗಳನ್ನೂ ಆಶೀರ್ವದಿಸು."

ಮಾವಿನೆಲೆಯಿಂದ ನೀರು ಚಿಮುಕಿಸಿದರು. ಇನಾಸನ ಮೊಣಕಾಲು ತಾವಾಗಿಯೇ ನೆಲಕ್ಕೆ ಹೋಗಿದ್ದವು. ಇಡೀ ಸಭೆಯಲ್ಲಿ ಮೊಣಕಾಲೂರಿದವನು ಆತನೊಬ್ಬನೇ. ಮಿಕ್ಕವರು ತೊಡೆಯ ಮೇಲೆ ಫೈಲು ಇಟ್ಟುಕೊಂಡು ಬರೆಯುತ್ತಿದ್ದರು. ಆಮೆನ್ ಅಂದವನೂ ಆತನೊಬ್ಬನೇ. ಆ ಆಮೆನ್ ಖಾಲಿ ಕಣದಲ್ಲಿ ಹೊರೆ ಬಿದ್ದಂತೆ ಕೇಳಿಸಿ, ಮುಂದಿನ ಸಾಲಿನವರು ಹೊರಳಿ ನೋಡಿದರು.

ಪ್ರಶ್ನೆಗಳಿದ್ದರೆ ಕೇಳಬಹುದು ಎಂದಾಗ ಇನಾಸ ಕೈ ಎತ್ತಿದ. ಅಂಗಿಯ ಮೇಲಿನ ಬಿಲ್ಲೆ ನೋಡಿ ಅಧ್ಯಕ್ಷತೆ ವಹಿಸಿದವರ ಮುಖ ಅರಳಿತು. ಶ್ರೀಸಾಮಾನ್ಯರ ದನಿ ಕೇಳೋಣ ಎಂದು ಚಪ್ಪಾಳೆ ಹೊಡೆಸಿದರು.

ಇನಾಸನಿಗೆ ವಾದ ಮಾಡುವುದಿರಲಿಲ್ಲ. ಆತನಿಗೆ ನಿಜವಾಗಿಯೂ ತಿಳಿಯಬೇಕಾಗಿತ್ತು.

"ಫಾದರ್, ಈಗ ಮಂತ್ರಿಸಿದ್ದು... ಇದನ್ನ ಊರಿಗೆ ಒಯ್ದು ಭತ್ತ ಕೊಯ್ಯಬಹುದೇನ್ರಿ?"

ಡಾಕ್ಟರ್ ಆಂಬ್ರೋಸ್ ನಕ್ಕರು. "ಇಲ್ಲಪ್ಪ. ಇದು ಮಾದರಿ. ಹೇಗೆ ಮಾಡಬೇಕೆಂದು ತೋರಿಸಿದ್ದು ಅಷ್ಟೇ."

"ನೀರು ಮಂತ್ರಿಸಿದ ನೀರ ಅಲ್ಲೇನ್ರಿ?"

"ಅದು ನಮ್ಮ ಪ್ರಾರ್ಥನಾಲಯದ್ದೇ."

"ಮತ್ತ ಪ್ರಾರ್ಥನಿ?"

"ಪ್ರಾರ್ಥನೆಯೂ ಸರಿಯಾದದ್ದೇ. ಆದರೆ ಮಂತ್ರಿಸುವವನ ಮನಸ್ಸಿನಲ್ಲಿ ಏನಿತ್ತು ಎಂಬುದೂ ಮುಖ್ಯ."

"ಹಂಗಾದ್ರ ನಿಮ್ಮ ಮನಸಿನ್ಯಾಗ ಏನಿತ್ತ್ರಿ?"

ಡಾಕ್ಟರ್ ಆಂಬ್ರೋಸ್ ಶಾಲು ಸರಿಮಾಡಿಕೊಂಡರು. ಅವರ ಮನಸ್ಸಿನಲ್ಲಿ ಇದ್ದದ್ದು ಧೂಪದ ಹೊಗೆ ಮೈಕಿನ ಕಡೆ ಹೋಗಿ ಎಲ್ಲಿ ಕೆಮ್ಮು ಬರುತ್ತದೋ ಎಂಬ ಚಿಂತೆ. ಅದನ್ನು ಸಭೆಯಲ್ಲಿ ಹೇಳುವ ಹಾಗಿರಲಿಲ್ಲ. ಇದು ಬಹಳ ಆಳವಾದ ಪ್ರಶ್ನೆ ಎಂದರು.

ಆಳವೆಂದರೆ ಸಾಕು, ಸಭೆ ಇಳಿದೇಬಿಟ್ಟಿತು. ಧೂಪದ ಇತಿಹಾಸದ ಮುಪ್ಪಿನ ಪಾದ್ರಿ, ಪ್ರಾರ್ಥನೆ ಹೇಳಿಯಾದ ಮೇಲೆ ದೇವರು ಕೇಳಿಯೇ ಇರುತ್ತಾನೆ, ಕೇಳಿಲ್ಲವೆಂದು ಹೇಳಲು ನಾವು ಯಾರು ಎಂದರು. ಬೇರೆಯವರು ಹಾಗಾದರೆ ಸೆಮಿನರಿಯಲ್ಲಿ ಕಲಿಯುವಾಗ ನಾವು ಮಾಡಿದ ಮಾದರಿ ಪೂಜೆಗಳ ಗತಿ ಏನು ಎಂದು ಹೆದರಿಸಿದರು. ಅಷ್ಟು ಹೊತ್ತು ಬಾಯಿ ಬಿಡದ ಫಾದರ್ ಲೀನಸರು ಡಾಕ್ಟರರ ಕಡೆ ಒಮ್ಮೆ ನೋಡಿ ಎದ್ದು ನಿಂತರು. "ನಾಟಕದಲ್ಲಿ ತಾಳಿ ಕಟ್ಟಿದರೆ ಅವಳು ಹೆಂಡತಿ ಆಗ್ತಾಳೆಯೇ?" ಎಂದು ಕೇಳಿದರು. ಸಭೆ ನಕ್ಕಿತು. ಡಾಕ್ಟರ್ ಆಂಬ್ರೋಸ್ ತಲೆದೂಗಿದರು. ಲೀನಸರ ಕಿವಿ ಸಂತೋಷಕ್ಕೆ ಕೆಂಪಾದವು.

ಇನಾಸ ನಿಂತೇ ಇದ್ದ. ಆತನ ಕಡೆ ಈಗ ಯಾರೂ ನೋಡುತ್ತಿರಲಿಲ್ಲ. ಕೊನೆಗೆ ವಿಷಯವನ್ನು ಕೂಲಂಕಷವಾಗಿ ಪರಿಶೀಲಿಸಲು ಒಂದು ಉಪಸಮಿತಿ ಆಯಿತು. ಆಂಬ್ರೋಸರು, ಲೀನಸರು, ಮುಪ್ಪಿನ ಪಾದ್ರಿ. ಬರುವ ವರ್ಷದ ಸಮ್ಮೇಳನದಲ್ಲಿ ವರದಿ ಕೊಡುವುದೆಂದು ಠರಾವಾಯಿತು. ಇಂಥ ಪ್ರಶ್ನೆ ಎತ್ತಿದ್ದಕ್ಕೆ ಶ್ರೀಸಾಮಾನ್ಯರನ್ನು ಅಭಿನಂದಿಸಲಾಯಿತು. ಚಹದ ಗಂಟೆ ಹೊಡೆಯಿತು.

ಭವನ ಖಾಲಿಯಾದಾಗ ಮೈಲಾರಲಿಂಗ ವಾಯರು ಸುತ್ತುತ್ತ ಅಂದ, "ಯಜಮಾನರ, ಚಾ ಆದಮ್ಯಾಲ ಫೋಟೋ ಐತಿ, ಫೋಟೋ ಆದಮ್ಯಾಲ ಮತ್ತ ಭಾಷಣ. ನಿಮ್ಮ ಗಂಟು ನಿಮಗ ಬೇಕಾಗಿದ್ರ ಇದ ಟೈಮ್ ನೋಡ್ರಿ."

ಇನಾಸ ವೇದಿಕೆ ಹತ್ತಿದ. ತೆನೆಗಳ ಮೇಲೆ ನೀರ ಹನಿಗಳು ಇನ್ನೂ ಆರಿರಲಿಲ್ಲ. ಧೋತರದಲ್ಲಿ ಸುತ್ತಿಕೊಂಡು, ಜಾಗ ಬಣಬಣ ಅನ್ನಬಾರದೆಂದು ವೇದಿಕೆಯ ಹಿಂದೆ ಬಿದ್ದಿದ್ದ ಪ್ಲಾಸ್ಟಿಕ್ಕಿನ ತೆನೆಗಳನ್ನು ಅಲ್ಲಿ ಜೋಡಿಸಿಟ್ಟು, ಹೊರಬಿದ್ದ.

ಖಾನಾಪುರದ ಬಸ್ಸು ಉದ್ಯಮಬಾಗಕ್ಕೆ ಬಂದಾಗ ಫೌಂಡ್ರಿಯ ಪಾಳಿ ಬಿಟ್ಟಿತ್ತು. ಕಬ್ಬಿಣದ ಮಸಿ ಬಡಿದ ಗಂಡಸರು ಬಾಗಿಲಿಗೆ ಜೋತುಬಿದ್ದು ಹತ್ತಿದರು. ಇನಾಸನ ಬಾಜೂ ಕೂತವನು ಮಡಿಲಿನ ಗಂಟಿನಿಂದ ಹೊರಚಾಚಿದ್ದ ತೆನೆಯಿಂದ ಒಂದು ಕಾಳು ಕಿತ್ತು, ಉಗುರಿನಲ್ಲಿ ಸಿಪ್ಪೆ ಸುಲಿದು ಬಾಯಿಗೆ ಹಾಕಿಕೊಂಡ. ಹೊಲ ಇದ್ದವನೇ ಇರಬೇಕು.

"ಹಣ್ಣಾಗಿ ಮೀರೈತಲ್ರಿ. ಇನ್ನೂ ಯಾಕ ಕೊಯ್ದಿಲ್ಲ?"

ಇನಾಸ ಕಿಟಕಿಯ ಕಡೆ ಮುಖ ತಿರುಗಿಸಿದ. ದಾರಿಯುದ್ದಕ್ಕೂ ಆತನ ತಲೆಯಲ್ಲಿ ಎರಡು ಮಾತು ಜಗಳ ಹತ್ತಿದ್ದವು. ಮಂತ್ರಿಸಿಕೊಂಡು ಬಂದೆ ಎಂದರೆ ಆಯಿತು. ರೋಮಿನಲ್ಲಿ ಕಲಿತ ಪಾದ್ರಿ, ಪುಸ್ತಕದ ಪ್ರಾರ್ಥನೆ, ಒಂದು ಮಾತೂ ಸುಳ್ಳಲ್ಲ. ಯಾರು ಹೋಗಿ ಕೇಳುತ್ತಾರೆ. ಆದರೆ ನಾಟಕದ ತಾಳಿಯ ಮಾತು ಮೀನಿನ ಮುಳ್ಳಿನಂತೆ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಹೋದ ವರ್ಷ ಬಾಣಂತಿಯ ತಾಯಿಯನ್ನು ಎಲ್ಲರೆದುರು ನಿಲ್ಲಿಸಿದ ಬಾಯಿಂದಲೇ ಈಗ ಇದನ್ನು ಮುಚ್ಚಿ ಹೇಳಿದರೆ, ಇನ್ನು ಮುಂದೆ ಗಂಟೆಯ ಹಗ್ಗ ಯಾವ ಕೈಯಲ್ಲಿ ಹಿಡಿಯುವುದು?

ದೀಪ ಹಚ್ಚುವ ಹೊತ್ತಿಗೆ ಊರು ಮುಟ್ಟಿ, ಮನೆಗೂ ಹೋಗದೆ ಗಂಟೆ ಹೊಡೆದ. ಊರು ಕಪೇಲದ ಅಂಗಳಕ್ಕೆ ಬಂತು. ಬೀರಣ್ಣನೂ ಬಂದು ಗೋಡೆಯ ಆಚೆ ನಿಂತ. ಇನಾಸ ನಡೆದದ್ದನ್ನೆಲ್ಲ ಹೇಳಿದ. ನೀರು ಖರೇ, ಪ್ರಾರ್ಥನೆ ಖರೇ, ಪಾದ್ರಿಯೂ ಖರೇ. ಆದರೆ ಮಂತ್ರಿಸಿದವರೇ ಅದು ಮಾದರಿ ಅಂದರು ಎಂಬುದನ್ನೂ ಹೇಳಿದ. ತಾಳಿಯ ಮಾತನ್ನೂ ಬಿಡಲಿಲ್ಲ.

ದೂರದಲ್ಲೊಮ್ಮೆ ಗುಡುಗಿತು. ಕಾಯೋಣ ಎಂದು ಇಬ್ಬರು ಮುದುಕರು ಅಂದರು. ಅವರ ಗದ್ದೆ ಎತ್ತರದ ಜಾಗದಲ್ಲಿತ್ತು. ಹೊಳೆ ದಂಡೆಯವರು ಅವರ ಮೇಲೆ ಹರಿಹಾಯ್ದರು. ಆಗ ರುಜಾಯ ಮುಂದೆ ಬಂದು ಗಂಟಿನಿಂದ ತನ್ನ ಮನೆಯ ತೆನೆ ಎತ್ತಿಕೊಂಡಳು.

"ಇದು ಖರೇನೋ ಮಾದರಿನೋ ನನಗ ತಿಳಿಯಂಗಿಲ್ಲ," ಎಂದಳು. "ಖರೇ ಆದ್ರ ನಾಳೆ ಕೊಯ್ಯೂಣು. ಮಾದರಿ ಆದ್ರ ದಂಡ ಕಟ್ಟಿ ಕೊಯ್ಯೂಣು. ಹೆಂಗಿದ್ರೂ ಕೊಯ್ಯೂದ ಐತಿ. ದಂಡ ಮಾತ್ರ ಮೇಸ್ತ್ರಿ ಕಟ್ಟಬೇಕು, ಇಡೀ ಊರ ಪರವಾಗಿ. ತನ್ನ ಎತ್ತರದ್ದು."

ಅಂಗಳದಲ್ಲಿ ನಗೆ ಎದ್ದಿತು. ಗೋಡೆಯ ಆಚೆಯಿಂದ ಬೀರಣ್ಣ, ಅಷ್ಟು ಮೇಣ ಖಾನಾಪುರದಾಗ ಸಿಗಂಗಿಲ್ಲ, ಬೆಳಗಾವಿಗೇ ಹೋಗಬೇಕು ಎಂದು ತನ್ನದೊಂದು ಸೇರಿಸಿದ.

"ಆಗಲಿ ವೈನಿ," ಎಂದ ಇನಾಸ. ಹೋದ ವರ್ಷದ ಮಾತಿಗೂ ಸೇರಿಸಿಯೇ ಅಂದಂತಿತ್ತು. ರುಜಾಯ ತೆನೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಡೆದಳು. ಮಿಕ್ಕವರೂ ತಮ್ಮ ತಮ್ಮ ತೆನೆ ಎತ್ತಿಕೊಂಡರು.

ಗುರುವಾರ, ಶುಕ್ರವಾರ ಇಡೀ ಊರು ಗದ್ದೆಯಲ್ಲಿತ್ತು. ಬೀರಣ್ಣನ ಮನೆಯವರೂ ಮುಯ್ಯಿಗೆ ಬಂದರು. ಉದುರಿದ್ದು ಉದುರಿತು, ಮಿಕ್ಕದ್ದು ಕೊಟ್ಟಿಗೆ, ಪಡಸಾಲೆ, ಕೊನೆಗೆ ಕಪೇಲದ ಒಳಗೂ ಸೇರಿತು. ಶುಕ್ರವಾರ ಸಂಜೆ ಮಳೆ ಹಿಡಿಯಿತು. ಅದೇ ಹೊತ್ತಿಗೆ ಬೆಳಗಾವಿಯಲ್ಲಿ ಫಾದರ್ ಲೀನಸರು ಸಾನ್ನಿಧ್ಯದ ಪ್ರಬಂಧ ಓದಿ ಶಾಲು ಹೊದೆಸಿಕೊಳ್ಳುತ್ತಿದ್ದರು.

ಶನಿವಾರ ಪಣಸಗಾಳಿಗೆ ಸಮ್ಮೇಳನದವರ ಕ್ಷೇತ್ರದರ್ಶನ. ಪ್ಲಾಸ್ಟಿಕ್ಕಿನ ತೆನೆ ಕಂಡು ಕಸಿವಿಸಿಗೊಂಡಿದ್ದ ಡಾಕ್ಟರ್ ಆಂಬ್ರೋಸರಿಗೆ, ಬೆಳೆದು ನಿಂತ ಗದ್ದೆಯ ನಡುವೆ ನಿಜವಾದ ಸಮುದಾಯದೊಂದಿಗೆ ಆರಾಧನೆ ಮಾಡಿ ತೋರಿಸಬೇಕೆಂಬ ಮನಸ್ಸಾಗಿತ್ತು. ಲೀನಸರು, ರವಿವಾರದ ಕೆಲಸ ಶನಿವಾರವೇ ಮುಗಿಯುತ್ತದೆಂದು ಕೂಡಲೇ ಹೂಂ ಅಂದಿದ್ದರು. ವ್ಯಾನು ಊರಿಗಿಂತ ಬಹಳ ಮೊದಲೇ ಕೆಸರಲ್ಲಿ ಹೂತಿತು. ಭಾಷಣಕಾರರು ಚಪ್ಪಲಿ ಕೈಯಲ್ಲಿ ಹಿಡಿದು, ನಿಲುವಂಗಿ ಎತ್ತಿಕಟ್ಟಿ ನಡೆದು, ಮಧ್ಯಾಹ್ನ ಮೀರಿದ ಮೇಲೆ ಗದ್ದೆಯ ಬದುವಿನ ಮೇಲೆ ಬಂದು ನಿಂತರು. ಎದುರಿಗೆ ಬರೀ ಕೂಳೆ. ಕೂಳೆಯ ನಡುವೆ ನೀರು. ನೀರಲ್ಲಿ ಎರಡು ಕೊಕ್ಕರೆ.

ಲೀನಸರು ಇನಾಸನನ್ನು ಪಕ್ಕಕ್ಕೆ ಕರೆದು, ಯಾರನ್ನು ಕೇಳಿ ಕೊಯ್ದಿರಿ ಎಂದು ಗದರಿದರು. ಉತ್ತರ ಕೊಟ್ಟವಳು ರುಜಾಯ. ಡಾಕ್ಟರ್ ಆಂಬ್ರೋಸರ ಕಡೆ ಕೈ ತೋರಿಸಿ, ಇವರೇ ಮಂತ್ರಿಸಿದರಂತಲ್ಲ ಎಂದಳು. ಅದು ಉಪಸಮಿತಿಯ ಮುಂದಿದೆ ಎಂದು ಆಂಬ್ರೋಸರು ಮುಖ ಬಿಗಿದುಕೊಂಡರು.

ಅಷ್ಟರಲ್ಲಿ ಮತ್ತೆ ಮಳೆ ಹನಿಯತೊಡಗಿತು. ಎಲ್ಲರೂ ಇನಾಸನ ಪಡಸಾಲೆಗೆ ಓಡಿದರು. ಬುತ್ತಿಯ ಡಬ್ಬಿಗಳು ವ್ಯಾನಿನಲ್ಲೇ ಉಳಿದಿದ್ದವು. ಒಳಗೆ ಪಾವ್ಲಿನ ಹೊಸ ಭತ್ತ ಹುರಿದು ಕುಟ್ಟಿದ ಅಕ್ಕಿಯ ಅನ್ನ ಇಳಿಸಿದ್ದಳು. ಒಣ ಸೀಗಡಿಯ ಸಾರಿನ ವಾಸನೆ ಭಾಷಣಕಾರರ ಮೂಗಿಗೆ ಬಡಿದು, ಮಾತು ತಾನಾಗಿಯೇ ನಿಂತಿತು. ಎಲೆ ಹಾಕಿದ್ದಾಯಿತು, ಎಲ್ಲರೂ ಕೂತದ್ದಾಯಿತು. ಇನಾಸ ಅನ್ನದ ಬೋಗುಣಿ ಹಿಡಿದು ಬಂದು ಡಾಕ್ಟರ್ ಆಂಬ್ರೋಸರ ಮುಂದೆ ನಿಂತ. ಬಡಿಸಲಿಲ್ಲ.

"ಫಾದರ್, ಒಂದ ಮಾತು," ಎಂದ, ತಗ್ಗಿದ ದನಿಯಲ್ಲಿ. "ಇದು ಹೊಸ ಅಕ್ಕಿ. ಮಂತ್ರಿಸದ ಭತ್ತದ ಅನ್ನ ಈ ಊರಾಗ ಉಣ್ಣೂ ಹಂಗಿಲ್ಲ. ಉಂಡವರಿಗೆ ದಂಡ ಐತಿ, ಅತಿಥಿಗೂ ಬಿಡಂಗಿಲ್ಲ. ಅವತ್ತಿಂದು ಮಾದರಿ ಅಂದ್ರ, ನಾ ಇದನ್ನ ತಿರುಗಿ ಒಳಗ ಒಯ್ತೀನಿ. ಪಾವ್ಲಿನ ಅವಲಕ್ಕಿ ಹಚ್ಚತಾಳ."

ಬಾಗಿಲಲ್ಲಿ ರುಜಾಯ ದಂಡವೆಂದರೆ ಏನೆಂಬುದನ್ನು ವಿವರಿಸಿದಳು. ವಿವರಿಸುತ್ತ ಡಾಕ್ಟರ್ ಆಂಬ್ರೋಸರನ್ನು ಅಡಿಯಿಂದ ಮುಡಿಯವರೆಗೆ ಅಳೆದಳು.

ಮುಪ್ಪಿನ ಪಾದ್ರಿ, ನನ್ನ ಅಭಿಪ್ರಾಯ ಬುಧವಾರವೇ ಹೇಳಿದ್ದೇನೆ ಎಂದು ಎಲೆ ಮುಂದಕ್ಕೆ ಸರಿಸಿದರು. ಲೀನಸರು ಡಾಕ್ಟರರ ಮುಖ ನೋಡಿದರು. ಡಾಕ್ಟರ್ ಆಂಬ್ರೋಸರು ಅನ್ನದ ಬೋಗುಣಿಯಿಂದ ಏಳುತ್ತಿದ್ದ ಹಬೆಯನ್ನು ನೋಡಿದರು. ವಿಷಯವನ್ನು ಹೀಗೂ ನೋಡಬಹುದು ಎಂದು ಸುರು ಮಾಡಿದರು. ಪ್ರಾರ್ಥನೆ ಸಭೆಯದು, ಒಬ್ಬ ಯಾಜಕನ ಮನಸ್ಸಿನದಷ್ಟೇ ಅಲ್ಲ. ಅಂದು ಒಬ್ಬನಾದರೂ ಮೊಣಕಾಲೂರಿ ಆಮೆನ್ ಅಂದಿದ್ದ. ಒಬ್ಬನಿದ್ದರೂ ಸಮುದಾಯವೇ. ಕೊನೆಯದಾಗಿ ಎಂದರು, ಈ ಸಲ ಅದು ನಿಜವಾಗಿಯೂ ಕೊನೆಯದಾಗಿತ್ತು.

"ಮಂತ್ರಿಸಿದ್ದೇ," ಎಂದರು. "ಬಡಿಸಪ್ಪ."

ನಾಟಕದ ತಾಳಿಯ ಬಗ್ಗೆ ಲೀನಸರು ಒಂದು ಮಾತೂ ಎತ್ತಲಿಲ್ಲ. ಬರುವ ವರ್ಷ ವರದಿ ಕೊಡಬೇಕಾಗಿದ್ದ ಉಪಸಮಿತಿ ಸರ್ವಾನುಮತದಿಂದ ಕೂತಲ್ಲೇ ಕೈ ತೊಳೆದುಕೊಂಡು ಉಣ್ಣತೊಡಗಿತು. ಹೊಸ ಅಕ್ಕಿಯ ಅನ್ನ ಸ್ವಲ್ಪ ಮುದ್ದೆಯಾಗಿತ್ತು. ಯಾರೂ ಅದನ್ನು ಎತ್ತಿ ಆಡಲಿಲ್ಲ.

ಮಳೆ ನಿಂತ ಮೇಲೆ ಇನಾಸ ಎಮ್ಮೆಗೆ ಹುಲ್ಲು ಹಾಕಲು ಹಿತ್ತಲಿಗೆ ಬಂದಾಗ ಬೀರಣ್ಣ ಬೇಲಿಯಾಚೆ ಕಂಬಳಿ ಹೊದ್ದು ನಿಂತಿದ್ದ.

"ಏನಾತೋ? ಖರೇನೋ, ಮಾದರಿನೋ?"

"ಖರೇ ಅಂತ."

"ಹಂಗಾದ್ರ ಮೇಣಬತ್ತಿ ಉಳೀತು ಅನ್ನು. ಖರೇ ಅಂತ ಅವರಿಗೆ ಯಾವಾಗ ಗೊತ್ತಾತು?"

ಇನಾಸ ಒಂದು ಹಿಡಿ ಹೊಸ ಹುಲ್ಲು ಎಮ್ಮೆಯ ಮುಂದೆ ಹರಡಿದ. ಪಡಸಾಲೆಯಿಂದ, ಇನ್ನೊಂದು ಸಲ ಸಾರು ಬರಲಿ ಎಂಬ ದನಿ ಕೇಳಿಸಿತು. ಲೀನಸರದೇ ಇರಬೇಕು.

"ಎಲಿ ಮುಂದ ಕುಂತಾಗ," ಎಂದ. ಆಮೇಲೆ ಕೈಗೆ ಹತ್ತಿದ ಹುಲ್ಲು ಝಾಡಿಸಿ, "ಮೇಣಬತ್ತಿ ಹಚ್ಚೂದ ಐತಿ. ರುಜಾಯ ವೈನಿಗೆ ಮಾತ ಕೊಟ್ಟೀನಿ," ಎಂದು ಒಳಗೆ ಹೋದ.